ಗುಂಡ್ಲುಪೇಟೆಯ ಟಿ.ವಿ.ಗಳು ಆರಿದ ಸಂಜೆ

ನಮ್ಮ ಭಾವನ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನ್ನಿಂದ ಆಗುವುದಿಲ್ಲ. ಸತ್ತವರನ್ನು ಆಡಿಕೊಳ್ಳಬಾರದು ಅನ್ನುತ್ತಾರೆ. ಅವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಹಾಗಾಗಿ ಆ ಅಡ್ಡಿಯೂ ನನಗಿಲ್ಲ.

ತೊಂಬತ್ತರ ದಶಕ ಶುರುವಾದಾಗ ನಾನು ಚಾಮರಾಜನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮದುವೆಯಾಗಿರಲಿಲ್ಲ, ಆಗುವ ಮನಸ್ಸೂ ಇರಲಿಲ್ಲ. ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಭಾವನಿಗೆ ಹಂಗಳದ ಕಡೆ ಜಮೀನು, ಪೇಟೆಯಲ್ಲಿ ಮನೆಯ ಮುಂಭಾಗದಲ್ಲೇ ರೇಡಿಯೋ ಟೇಪ್‌ರೆಕಾರ್ಡರ್ ಮಾರುವ ಅಂಗಡಿ. ಗಲ್ಫಿನಿಂದ ಬಂದ ಕೇರಳದವರು ಗಡಿಯಾಚೆಯ ಬತ್ತೇರಿ ಕಡೆಯಿಂದ ಸಾಮಾನು ತಂದು ಆ ಅಂಗಡಿಗೆ ಹಾಕಿ ಹೋಗುತ್ತಿದ್ದರು. ಹಾಗೆ ಬಂದ ಒಂದು ವಿಸಿಆರ್ ಅನ್ನು ನಾನು ಕೊಂಡೆ. ಹಣ ನನ್ನದು, ಸಂಬಳದಲ್ಲಿ ಉಳಿಸಿದ್ದು. ಆದರೆ ಆ ದಿನದಿಂದ ಭಾವ ಊರೆಲ್ಲ, 'ನಮ್ಮ ನಾದಿನಿಗೆ ವಿಸಿಆರ್ ಕೊಡಿಸಿದ್ದು ನಾನು' ಎಂದು ಹೇಳಿಕೊಂಡು ತಿರುಗಿದರು.

ಆ ಯಂತ್ರ ನನಗೆ ಬೇಕಾಗಿದ್ದದ್ದು ಹೊಸ ಸಿನಿಮಾಗಳಿಗಲ್ಲ. ವಾರಕ್ಕೊಮ್ಮೆ ಟಿ.ವಿ.ಯಲ್ಲಿ ಕಪ್ಪು ಬಿಳುಪಿನ ಹಳೆ ಕನ್ನಡ ಚಿತ್ರ ಬರುತ್ತಿತ್ತು. ಮಧ್ಯಾಹ್ನಗಳಲ್ಲಿ ಆಗಾಗ ಎಂಬತ್ತರ ದಶಕದ ಧಾರಾವಾಹಿಗಳನ್ನು ಮತ್ತೆ ಹಾಕುತ್ತಿದ್ದರು. ಒಂದು ಸಲ ಬಂದದ್ದು ಮತ್ತೆ ಬರುತ್ತದೆಂಬ ನಂಬಿಕೆ ಇರಲಿಲ್ಲ. ನಾನು ಪಾಳಿಯನ್ನು ಅದಲುಬದಲು ಮಾಡಿಕೊಂಡು ಮನೆಗೆ ಬಂದು, ವಿಸಿಆರಿನ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಜಾಹೀರಾತು ಬಂದ ತಕ್ಷಣ ಗುಂಡಿ ಒತ್ತಿ ನಿಲ್ಲಿಸಬೇಕು, ಮುಗಿದ ತಕ್ಷಣ ಬಿಡಬೇಕು. ನಡುವೆ ಕರೆಂಟು ಹೋದರೆ ಆ ಸಿನಿಮಾ ಅಲ್ಲಿಗೆ ಖೋತಾ. ಮಂಗಗಳು ಆಂಟೆನಾ ಹಿಡಿದು ಜೋತಾಡಿದರೆ ಪರದೆ ತುಂಬ ಅಕ್ಕಿ ಚೆಲ್ಲಿದಂತೆ ಚುಕ್ಕಿ. ಇಷ್ಟೆಲ್ಲ ದಾಟಿ ಪೂರ್ತಿ ಸಿಕ್ಕಿದ ಸಿನಿಮಾದ ಕ್ಯಾಸೆಟ್ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಸ್ಕ್ರೂಡ್ರೈವರಿನಿಂದ ಮುರಿದು ಹಾಕುತ್ತಿದ್ದೆ. ಅದನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಆ ಚೂರು ಟಪ್ಪೆಂದು ಮುರಿಯುವ ಸದ್ದು ನನಗೆ ಬಹಳ ಇಷ್ಟ.

ಹೀಗೆ ಕೂಡಿಟ್ಟ ಕ್ಯಾಸೆಟ್‌ಗಳು ಗೋಡೆಯ ಎರಡು ಹಲಗೆ ತುಂಬಿದವು. ಒಂಟಿ ಹೆಂಗಸಿನ ಮನೆಯಲ್ಲಿ ಇಷ್ಟು ಕ್ಯಾಸೆಟ್ ಯಾಕೆ ಎಂದು ಬೀದಿಯವರಿಗೆ ಚಿಂತೆ. ನನಗೆ ಅವರ ಚಿಂತೆಯ ಚಿಂತೆ ಇರಲಿಲ್ಲ.

ಆಮೇಲೆ ಊರೂರಿಗೆ ಕೇಬಲ್ ಬಂತು. ಗುಂಡ್ಲುಪೇಟೆಯಲ್ಲಿ ತಮ್ಮ ಸುತ್ತಲಿನ ಬೀದಿಗಳಿಗೆ ಭಾವನೇ ತಂತಿ ಎಳೆದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ವಿಸಿಆರ್ ಇಟ್ಟು, ದಿನಾ ಸಂಜೆ ಒಂದು ಸಿನಿಮಾ ಹಾಕಿದರೆ ಆ ಬೀದಿಗಳ ಎಲ್ಲ ಟಿ.ವಿ.ಗಳಲ್ಲೂ ಅದು ಬರುತ್ತಿತ್ತು. ಹೊಸ ಸಿನಿಮಾದ ಕ್ಯಾಸೆಟ್ ಹಾಕಿದರೆ ಟಾಕೀಸಿನವರು ಜಗಳಕ್ಕೆ ಬರುತ್ತಿದ್ದರು. ಹಳೆಯದಕ್ಕೆ ಕೇಳುವವರಿಲ್ಲ. ಹೀಗಾಗಿ ಭಾವನಿಗೆ ನನ್ನ ಹಲಗೆಗಳು ನೆನಪಾದವು. ತಾವೇ ಕೇಳಲಿಲ್ಲ, ಅಕ್ಕನನ್ನು ಕಳಿಸಿದರು. ಅಕ್ಕ ಬಂದು, ಊರಿನ ಮುದುಕಿಯರೆಲ್ಲ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ, ಪುಣ್ಯ ಬರುತ್ತದೆ ಎಂದಳು. ಕೊಟ್ಟೆ.

ಮೊದಲ ಕಂತು ತಿರುಗಿ ಬಂದಾಗ ಒಂದು ಕ್ಯಾಸೆಟ್ಟಿನೊಳಗೆ ಟೇಪು ನೆರಿಗೆ ಬಿದ್ದಿತ್ತು. ಸುಮ್ಮನಿದ್ದೆ. ಎರಡನೆಯ ಸಲ ಬಂದದ್ದರಲ್ಲಿ ಒಂದನ್ನು ಹಾಕಿ ನೋಡಿದರೆ ಹೆಸರುಗಳು ಬರುವ ಜಾಗದಲ್ಲಿ ಭಾವನ ಅಂಗಡಿ ಬಂತು. ಯಾರೋ ಪುಢಾರಿ ರಿಬ್ಬನ್ ಕತ್ತರಿಸುತ್ತಿದ್ದಾನೆ, ಪಕ್ಕದಲ್ಲಿ ಭಾವ ಹೂವಿನ ಹಾರದೊಳಗೆ ಕೈ ಮುಗಿದು ನಿಂತಿದ್ದಾರೆ, ಹಿಂದೆ ಅಕ್ಕ ರೇಷ್ಮೆ ಸೀರೆಯಲ್ಲಿ. ಅದು ಮುಗಿದು ಸಿನಿಮಾ ಬರುವ ಹೊತ್ತಿಗೆ ಕಥೆಯಲ್ಲಿ ಮದುವೆಯೇ ಆಗಿಹೋಗಿತ್ತು. ಕ್ಯಾಸೆಟ್ ತಿರುಗಿಸಿ ನೋಡಿದೆ. ನಾನು ಮುರಿದ ತೂತಿನ ಮೇಲೆ ಗಮ್ ಟೇಪು ನೀಟಾಗಿ ಅಂಟಿಸಿದ್ದರು. ಗೊತ್ತಿಲ್ಲದೆ ಆದದ್ದಲ್ಲ, ಅಂಟಿಸಿ ಮಾಡಿದ್ದು.

ಮುಂದಿನ ಸಲ ಅಕ್ಕ ಬಂದಾಗ ಇನ್ನು ಕೊಡುವುದಿಲ್ಲ ಅಂದೆ. ಅವಳು ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ನಿನಗೆ ಗಂಡ ಮಕ್ಕಳಿಲ್ಲ, ಈ ಪೆಟ್ಟಿಗೆಗಳನ್ನು ಹೊತ್ತುಕೊಂಡು ಎಲ್ಲಿಗೆ ಹೋಗುತ್ತೀ ಎಂದು ಕೇಳಿದಳು. ಮನೆಯ ಇನ್ನೊಂದು ಬೀಗದ ಕೈ ಅವಳ ಹತ್ತಿರ ಇದ್ದದ್ದು ಆಗ ನನಗೆ ಹೊಳೆಯಲಿಲ್ಲ.

ಒಂದು ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಮೇಲಿನ ಹಲಗೆ ಖಾಲಿ. ಧೂಳಿನ ನಡುವೆ ಕ್ಯಾಸೆಟ್‌ಗಳು ನಿಂತಿದ್ದ ಜಾಗ ಮಾತ್ರ ಚೊಕ್ಕಟವಾಗಿ ಕಾಣುತ್ತಿತ್ತು. ಕಳ್ಳರಾಗಿದ್ದರೆ ಟಿ.ವಿ. ಬಿಡುತ್ತಿರಲಿಲ್ಲ. ಮನೆ ಓನರ್ ಹೆಂಡತಿ ಕಿಟಕಿಯಿಂದಲೇ, ನಿಮ್ಮಕ್ಕ ಬಂದು ಎರಡು ಬ್ಯಾಗು ತುಂಬಿಕೊಂಡು ಹೋದರಲ್ಲ ಎಂದರು. ನಾನು ಸೀರೆಯನ್ನೂ ಬದಲಿಸದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸು ತೆರಕಣಾಂಬಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವವರೆಗೆ ಹೂವಿನ ಬುಟ್ಟಿಗಳ ಪಕ್ಕ ನಿಂತುಕೊಂಡೆ. ಕೋಪ ಇಳಿಯಬಹುದು ಅಂದುಕೊಂಡೆ, ಇಳಿಯಲಿಲ್ಲ. ಆ ಹಲಗೆಯಲ್ಲಿ ನಾನು ಎಲ್ಲಕ್ಕಿಂತ ಜೋಪಾನ ಮಾಡಿದ್ದ ಒಂದು ಚಿತ್ರವಿತ್ತು. ಕಣ್ಣು ಕಾಣದ ಅತ್ತೆ, ಆ ಮನೆಗೆ ಬಂದ ಸೊಸೆ, ಯಾವುದೋ ಆಣೆಗೆ ಕಟ್ಟುಬಿದ್ದು ಬಾಯಿಯನ್ನೇ ಬಿಡದ ಸೊಸೆಯ ಕಥೆ. ಟಿ.ವಿ.ಯಲ್ಲಿ ಅದು ಬಂದದ್ದು ಒಂದೇ ಸಲ. ಅದರ ಮೇಲೆ ಯಾವ ರಿಬ್ಬನ್ ಕತ್ತರಿಸಿದ್ದಾರೋ ಎಂದು ಹೊಟ್ಟೆ ಉರಿಯುತ್ತಿತ್ತು.

ಗುಂಡ್ಲುಪೇಟೆಯಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅಕ್ಕನ ಬೀದಿಗೆ ತಿರುಗಿದ ಕೂಡಲೇ ಆ ಸಿನಿಮಾದ ಅತ್ತೆಯ ದನಿ ಕೇಳಿತು. ಮೊದಲ ಮನೆಯ ಬಾಗಿಲಿನಿಂದ, ಆಮೇಲೆ ಎದುರು ಮನೆಯಿಂದ, ಆಮೇಲೆ ಹೋಟೆಲಿನಿಂದ. ನಾನು ನಡೆದಂತೆಲ್ಲ ಒಂದು ಮನೆಯಲ್ಲಿ ಶುರುವಾದ ಮಾತು ಮುಂದಿನ ಮನೆಯಲ್ಲಿ ಮುಗಿಯುತ್ತಿತ್ತು. ಜಗಲಿಯಲ್ಲಿ ಒಬ್ಬರೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರೇನೋ. ನನಗೆ ನನ್ನ ಮನೆಯ ಒಳಗೆಲ್ಲ ಊರಿನವರು ಚಪ್ಪಲಿ ಹಾಕಿಕೊಂಡು ಓಡಾಡಿದಂತಾಯಿತು.

ಅಂಗಡಿ ದಾಟಿ ಹಿಂದಿನ ಕೋಣೆಗೆ ಹೋದೆ. ಭಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಸಿನಿಮಾ ನೋಡುತ್ತಿದ್ದರು. ನನ್ನ ಕ್ಯಾಸೆಟ್‌ಗಳು ನೆಲದ ಮೇಲೆ, ಡಬ್ಬಿಯಿಲ್ಲದೆ, ಒಂದರ ಮೇಲೊಂದು. ಅವುಗಳ ಮೇಲೆ ಟೀ ಲೋಟ.

"ಬಾಮ್ಮಿ, ಕೂತ್ಕೊ. ನಿನ್ ಸಿನಿಮಾನೇ ಓಡ್ತಾದೆ" ಎಂದರು, ಏನೂ ಆಗಿಲ್ಲವೆಂಬಂತೆ.

ನಾನು ಕ್ಯಾಸೆಟ್‌ಗಳು ಬೇಕು ಅಂದೆ. ಇವತ್ತಿನದು ಮುಗಿಯಲಿ, ನಾಳೆ ಅಕ್ಕ ತಂದುಕೊಡುತ್ತಾಳೆ ಅಂದರು. ಕೇಳದೆ ತಂದದ್ದು ಯಾಕೆ ಎಂದು ಕೇಳಿದೆ. ಸ್ವಂತ ನಾದಿನಿ ಮನೆಯಿಂದ ತಂದರೆ ಅದು ಕಳ್ಳತನವಾ ಎಂದು ನಕ್ಕರು. ಗಮ್ ಟೇಪಿನ ಮಾತೆತ್ತಿದೆ. ಆ ನಗು ಅಲ್ಲಿಗೆ ನಿಂತಿತು.

"ಮಿಷಿನ್ ಕೊಡ್ಸಿದ್ದು ನಾನು. ನಾನಿಲ್ದೆ ಓಗಿದ್ರೆ ನಿಂಗೆ ಎಲ್ಲಿತ್ತು ಕ್ಯಾಸೆಟ್ಟು? ಟಿ.ವಿ.ಲಿ ಪುಗಸಟ್ಟೆ ಬಂದುದ್ನ ಇಡ್ಕಂಡು ನಂದು ನಂದು ಅಂತೀಯಲ್ಲ, ಅವ್ರು ನಿಂಗೆ ಬರ್ಕೊಟ್ಟವ್ರ?"

ಪರದೆಯ ಮೇಲೆ ಸೊಸೆ ಹೊಸ್ತಿಲ ಮೇಲೆ ನಿಂತಿದ್ದಳು. ಅವಳು ಬಾಯಿ ತೆರೆದು ಮೊದಲ ಮಾತು ಆಡುವ ಗಳಿಗೆ ಅದು. ನಾನು ಹೋಗಿ ವಿಸಿಆರಿನ ಗುಂಡಿ ಒತ್ತಿದೆ. ಪರದೆ ತುಂಬ ಚುಕ್ಕಿ ಸುರಿಯಿತು. ಕ್ಯಾಸೆಟ್ ಹೊರಗೆ ಬಂತು, ಇನ್ನೂ ಬೆಚ್ಚಗಿತ್ತು. ಸೆರಗಿನಲ್ಲಿ ಸುತ್ತಿಕೊಂಡೆ.

ಬೀದಿಯಲ್ಲಿ ಮೊದಲು ಎಲ್ಲರೂ ತಂತಮ್ಮ ಟಿ.ವಿ.ಯ ತಲೆ ತಟ್ಟುತ್ತಿದ್ದರೋ ಏನೋ. ಆಮೇಲೆ ಒಬ್ಬೊಬ್ಬರಾಗಿ ಅಂಗಡಿಯ ಮುಂದೆ ಸೇರತೊಡಗಿದರು. ಅಷ್ಟರಲ್ಲಿ ನಾನು ನೆಲದ ಮೇಲಿನ ಕ್ಯಾಸೆಟ್‌ಗಳನ್ನು ಅಲ್ಲೇ ಬಿದ್ದಿದ್ದ ದೊಡ್ಡ ಬ್ಯಾಗಿಗೆ ತುಂಬುತ್ತಿದ್ದೆ. ಭಾವ ಬ್ಯಾಗಿನ ಒಂದು ಹಿಡಿ ಹಿಡಿದು ಎಳೆದರು. ನಾನು ಇನ್ನೊಂದನ್ನು ಬಿಡಲಿಲ್ಲ. ಹೊರಗೆ ಜನ ಇರುವುದು ಕಂಡು ಅವರೇ ಕೈಬಿಟ್ಟು, ಜನರ ಕಡೆ ತಿರುಗಿ, ನೋಡಿ, ನಮ್ಮ ನಾದಿನಿಗೆ ನೀವು ಸಿನಿಮಾ ನೋಡುವುದು ಇಷ್ಟವಿಲ್ಲವಂತೆ ಎಂದು ಹೇಳಿದರು. ಒಂದೇ ಮಾತಿನಲ್ಲಿ ಇಡೀ ಬೀದಿಯನ್ನು ನನ್ನ ಮೇಲೆ ಎತ್ತಿಕಟ್ಟಿದರು. ಆ ಚಾಲಾಕಿತನ ಅವರಲ್ಲಿ ಮೊದಲಿನಿಂದ ಇತ್ತು.

ಗಂಡಸರು ಏನೇನೋ ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ನಡುವೆ ದಾರಿ ಮಾಡಿಕೊಂಡು ಒಬ್ಬ ಅಜ್ಜಿ ಮುಂದೆ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಅರ್ಧ ಬಿಡಿಸಿದ ಅವರೆಕಾಯಿಯ ಮೊರ. ಅವರು ಬಯ್ಯಲಿಲ್ಲ.

"ಆ ಸೊಸೆ ಕೊನೀಗೆ ಮಾತಾಡ್ತಾಳ ಮಗ?"

"ಆಡ್ತಾಳೆ ಅಜ್ಜಿ."

"ಏನಂತಾಳೆ?"

ಬ್ಯಾಗು ಹೆಗಲಿಗೆ ಹಾಕಿಕೊಂಡೇ ಅವರಿಗೆ ಹೇಳಿದೆ. ಅವಳು ಅತ್ತೆಯ ಕೈಯನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡು, ಇಷ್ಟು ದಿನ ಆಣೆಯ ಹೆಸರಿನಲ್ಲಿ ಸುಮ್ಮನಿದ್ದೆ, ನಿಜವಾಗಿ ನಿಮ್ಮ ಮೇಲಿನ ಸಿಟ್ಟಿಗೆ ಸುಮ್ಮನಿದ್ದೆ ಅನ್ನುತ್ತಾಳೆ ಎಂದೆ. ಅಜ್ಜಿ ಮೊರವನ್ನು ಒಂದು ಸಲ ಕುಲುಕಿದರು.

"ನೀ ಏಳುದ್ರೆ ಏನ್ ಬಂತವ್ವ. ಅವಳ ಬಾಯಲ್ಲಿ ಕೇಳ್ಬೇಕಾಗಿತ್ತು ನಾನು. ಈ ವಯಸ್ಸಲ್ಲಿ ಇನ್ಯಾವಾಗ ಕೇಳಾನ?"

ಚಾಮರಾಜನಗರಕ್ಕೆ ಬಂದರೆ ತೋರಿಸುತ್ತೇನೆ ಅಂದೆ. ಅವರು ಬರಲಿಲ್ಲ. ಗುಂಡಿ ಒತ್ತಿದ್ದು ತಪ್ಪೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಕದ್ದು ತಂದು ಬಡಿಸಿದ ಊಟವನ್ನು ಎಲೆಯಿಂದ ಎತ್ತಿಕೊಂಡು ಹೋದರೆ ಉಣ್ಣುತ್ತಿದ್ದವರಿಗೆ ಕೋಪ ಬರುವುದು ಸಹಜ. ಆ ಕೋಪ ಬಡಿಸಿದವನ ಮೇಲೆ ಬರಬೇಕು.

ಅಕ್ಕ ಅಷ್ಟೂ ಹೊತ್ತು ಒಳಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಮುಂದೆ ನಿಂತು ಬೀಗದ ಕೈ ಕೇಳಿದೆ. ಸೊಂಟದಿಂದ ತೆಗೆದು ನನ್ನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ಈ ಬೀದೀಲಿ ನಾನು ಬಾಳ್ಬೇಕು ಕಣಮ್ಮಿ. ನೀನು ಬಸ್ ಅತ್ಕಂಡು ಓಗ್ಬುಡ್ತೀಯ" ಅಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಇನ್ನೂ ಹತ್ತು ಮಾತು ಆಡುತ್ತಿದ್ದೆನೇನೋ. ಬೀಗದ ಕೈ ತೆಗೆದುಕೊಂಡು ಹೊರಟೆ.

ಭಾವ ಅಷ್ಟಕ್ಕೇ ಬಿಡಲಿಲ್ಲ. ಸಂಕ್ರಾಂತಿ ಕಳೆಯುವುದರೊಳಗೆ ನನ್ನ ಮನೆ ಓನರಿಗೆ ಸುದ್ದಿ ಮುಟ್ಟಿತ್ತು, ನಾನು ಅಂಥ ಕ್ಯಾಸೆಟ್‌ಗಳನ್ನು ಇಟ್ಟುಕೊಂಡಿದ್ದೇನೆ ಎಂದು. ಓನರ್ ನಿವೃತ್ತ ಮೇಷ್ಟ್ರು, ಮರ್ಯಾದಸ್ತರು. ನೇರವಾಗಿ ಕೇಳಲು ನಾಚಿಕೊಂಡು ಹೆಂಡತಿಯನ್ನು ಮುಂದೆ ಬಿಟ್ಟು ಬಂದರು. ಇಬ್ಬರನ್ನೂ ಕೂರಿಸಿ, ಹಲಗೆಯಿಂದ ನೀವೇ ಯಾವುದಾದರೂ ಒಂದು ಆರಿಸಿ ಅಂದೆ. ಓನರ್ ಕೈ ಹಾಕಿದ್ದು ಒಂದು ಪೌರಾಣಿಕಕ್ಕೆ. ಅವರು ಐದು ನಿಮಿಷ ನೋಡಿ ಸಾಕು ಎಂದು ಏಳಲು ಹೋದರು. ನಾನು ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತು, ಪೂರ್ತಿ ನೋಡಿಕೊಂಡೇ ಹೋಗಬೇಕು, ನಡುವೆ ಏನಾದರೂ ಬಂದೀತು ಅಂದೆ. ಕೊನೆಯ ಮಂಗಳದ ಹಾಡಿನವರೆಗೂ ಬಿಡಲಿಲ್ಲ. ಮುಂದಿನ ತಿಂಗಳು ಮನೆ ಖಾಲಿ ಮಾಡಿ ಎಂದು ಹೇಳಿ ಕಳಿಸಿದರು. ಮಗನ ಸಂಸಾರ ಬರುತ್ತದಂತೆ. ಮಗ ಬರಲಿಲ್ಲ, ಬೇರೆ ಬಾಡಿಗೆಯವರು ಬಂದರು.

ಅಕ್ಕನಿಗೂ ನನಗೂ ಕೆಲವು ವರ್ಷ ಮಾತಿರಲಿಲ್ಲ. ಭಾವ ಬೀದಿಯ ತುದಿಯಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ಅಕ್ಕ ಒಂದು ದಿನ ಎಕ್ಸ್‌ಚೇಂಜಿಗೇ ಫೋನ್ ಮಾಡಿದಳು. ನಾನು ಅಭ್ಯಾಸದಂತೆ, ನಂಬರ್ ಹೇಳಿ ಅಂದೆ. ಅವಳು ನಂಬರ್ ಹೇಳಲಿಲ್ಲ. ಸೋಮವಾರ ಗೃಹಪ್ರವೇಶ, ಬಂದರೆ ಬಾ, ಅವರಿಗೆ ಗೊತ್ತಿಲ್ಲ ನಾನು ಕರೆದದ್ದು ಎಂದು ಹೇಳಿ ಇಟ್ಟಳು.

ಹೋದೆ. ಭಾವ ನನ್ನನ್ನು ನೋಡಿ ಮುಖ ತಿರುಗಿಸಿ, ವಿಡಿಯೋ ತೆಗೆಯುವವನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಆ ದೊಡ್ಡ ಲೈಟು ನಾನಿದ್ದ ಕಡೆ ಬರಲೇ ಇಲ್ಲ. ಹಾಲು ಉಕ್ಕಿಸುವಾಗ ಅಕ್ಕನ ಪಕ್ಕದಲ್ಲೇ ನಿಂತಿದ್ದೆ. ಅವಳ ಸೆರಗು ಒಲೆಗೆ ತಾಗದಂತೆ ಹಿಡಿದುಕೊಂಡದ್ದು ನಾನೇ. ಊಟಕ್ಕೆ ಅವಳ ಜೊತೆಯ ಪಂಕ್ತಿಯಲ್ಲೇ ಕೂತಿದ್ದೆ.

ತಿಂಗಳ ಮೇಲೆ ಅಕ್ಕ ಒಬ್ಬಳೇ ನನ್ನ ಹೊಸ ಬಾಡಿಗೆ ಮನೆಗೆ ಗೃಹಪ್ರವೇಶದ ಕ್ಯಾಸೆಟ್ ತಂದಳು. ಇಬ್ಬರೂ ಕೂತು ನೋಡಿದೆವು. ನೆಂಟರಿಷ್ಟರು, ಭಾವನ ಗೆಳೆಯರು, ಪುರೋಹಿತರು, ಹಸು, ಎಲ್ಲರೂ ಇದ್ದರು. ನಾನು ಎಲ್ಲೂ ಇರಲಿಲ್ಲ. ಹಾಲು ಉಕ್ಕುವ ಜಾಗದಲ್ಲಿ ಅಕ್ಕನ ಸೆರಗನ್ನು ಹಿಡಿದ ಒಂದು ಕೈ ಮಾತ್ರ ಪರದೆಯ ಅಂಚಿನಿಂದ ಬಂದಿತ್ತು. ಅಕ್ಕ ಅದನ್ನು ನೋಡಿದಳು. ನಾನೂ ನೋಡಿದೆ. ಸಿನಿಮಾಗಳಲ್ಲಾದರೆ ಇಂಥ ಕಡೆ ಇಬ್ಬರು ಅಕ್ಕತಂಗಿಯರು ತಬ್ಬಿಕೊಂಡು ಅಳುತ್ತಾರೆ. ನಾವು ಅಳಲಿಲ್ಲ.

ಕ್ಯಾಸೆಟ್ ಮುಗಿದ ಮೇಲೆ ಅವಳು ಅದನ್ನು ಬ್ಯಾಗಿಗೆ ಹಾಕಿಕೊಂಡಳು. ಮನೆಯಲ್ಲಿ ಲೆಕ್ಕ ಇಟ್ಟಿದ್ದಾರೆ, ಬಿಟ್ಟುಹೋದರೆ ಕೇಳುತ್ತಾರೆ ಅಂದಳು. ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ. ದಾರಿಯಲ್ಲಿ ಭಾವನಿಗೆ ಬಿ.ಪಿ. ಜಾಸ್ತಿಯಾಗಿದೆ, ಉಪ್ಪು ಬಿಡಲು ಹೇಳಿದ್ದಾರೆ ಎಂದಳು. ಬಿಡಲಿ ಅಂದೆ.