ಮುನಿಯಪ್ಪ ಮುಚ್ಚಿದ ವಾಲ್ವ್

ಎರಡು ಲೀಟರ್ ಫ್ಲಾಸ್ಕಿನಲ್ಲಿ ಗೆದ್ದ ಪ್ರಯೋಗವನ್ನು ಮಾಲೂರಿನ ಕಾರ್ಖಾನೆಯ ಎರಡು ಸಾವಿರ ಲೀಟರ್ ರಿಯಾಕ್ಟರ್ ಪಾತ್ರೆಗೆ ಏರಿಸುವ ಹೊಣೆ ನನ್ನದಾಗಿತ್ತು. ಕಲಕುವ ರೆಕ್ಕೆಯ ಅಳತೆ, ವೇಗ ಎಲ್ಲ ಲೆಕ್ಕ ಹಾಕಿದ್ದೆ. ಆಸಿಡ್ ಮಾತ್ರ ಫ್ಲಾಸ್ಕಿಗೆ ಹಾಕಿದಂತೆಯೇ ಅರ್ಧ ಗಂಟೆಯಲ್ಲಿ ಬಿಡಿ ಎಂದೆ. ಹತ್ತೇ ನಿಮಿಷಕ್ಕೆ ಆಪರೇಟರ್ ಮುನಿಯಪ್ಪ ನನ್ನನ್ನು ಕೇಳದೆ ಆಸಿಡ್ಡಿನ ವಾಲ್ವ್ ಮುಚ್ಚಿಬಿಟ್ಟರು.

"ಯಾರ್ರೀ ಹೇಳಿದ್ದು ನಿಮಗೆ?" ಎಂದು ರೇಗಿದೆ.

"ಆಸಿಡ್ ಬಿದ್ದಂಗೆಲ್ಲ ಬಿಸಿ ಏರ್ತಾನೇ ಐತೆ, ನೋಡಿ ಸಾರ್. ಇಷ್ಟು ದೊಡ್ಡದು ನಿಮ್ಮ ಫ್ಲಾಸ್ಕ್ ತಣ್ಣಗಾದಂಗೆ ಆಗ್ತದಾ?"

ವಾಲ್ವ್ ಮುಚ್ಚಿದ ಮೇಲೂ ತಾಪಮಾಪಕದ ಮುಳ್ಳು ಏರುತ್ತಲೇ ಇತ್ತು. ಕೊನೆಗೆ ಅದು ಇಳಿಯತೊಡಗಿತು. ಉಳಿದ ಆಸಿಡ್ಡನ್ನು ಆರು ಗಂಟೆ ಹನಿಸಿದೆವು.

ಪಾತ್ರೆ ದೊಡ್ಡದಾದಷ್ಟೂ ತಣ್ಣಗಾಗುವುದು ತಡ ಎಂದು ಕಾಲೇಜಿನಲ್ಲಿ ನನಗೂ ಕಲಿಸಿದ್ದರು. ಆ ಪ್ರಶ್ನೆಗೆ ಪೂರ್ತಿ ಅಂಕವೂ ಬಂದಿತ್ತು.