ಗೃಹಪ್ರವೇಶದ ಹಸು, ದನದ ಡಾಕ್ಟರು

ಪಕ್ಕದ ಮನೆಯ ಛಾವಣಿ ರಿಪೇರಿಗೆ ಬಂದವರು ಮೊಳೆ ಹೊಡೆಯುವ ಗಾಳಿಯಂತ್ರವನ್ನು ನಮ್ಮ ಮೆಟ್ಟಿಲ ಮೇಲೆ ಇಟ್ಟು ಊಟಕ್ಕೆ ಹೋಗಿದ್ದರು. ಅದರ ಎಣ್ಣೆಯ ವಾಸನೆಗೆ ದನದ ಡಾಕ್ಟರು ನೆನಪಾದರು. ಅವರ ಅಂಗಿಗೂ ಇಂಥದೇ ವಾಸನೆಯಿತ್ತು... ಅಥವಾ ಇತ್ತೆಂದು ಈಗ ನಾನೇ ಸೇರಿಸುತ್ತಿದ್ದೇನೋ. ಸಂಖ್ಯಾಶಾಸ್ತ್ರ ಓದಿದವನು ನಾನು. ನಲವತ್ತು ವರ್ಷದ ಹಿಂದಿನದಕ್ಕೆ ಒಬ್ಬನೇ ಸಾಕ್ಷಿ ಇದ್ದರೆ, ಅವನು ನಾನೇ ಆದರೂ, ನಂಬುವುದಿಲ್ಲ.

ಎಂಬತ್ತರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಅವರು ನಮ್ಮ ಕೆಳಗಿನ ಮನೆಯಲ್ಲಿದ್ದರು. ಧಾರವಾಡದ ಕಡೆಯ ಪಶುವೈದ್ಯರು. ಹೆಂಡತಿಗೆ ವೀಸಾ ಸಿಗದೆ ಒಬ್ಬರೇ ಇದ್ದರು. ಭಾನುವಾರ ನಮ್ಮ ನಾಲ್ಕಾರು ಕನ್ನಡ ಕುಟುಂಬಗಳು ಸೇರುವುದನ್ನು ವಾರವಿಡೀ ಕಾಯುತ್ತಿದ್ದರು. ಅವರಿಗೆ ಬೇರೆ ಜನರಿರಲಿಲ್ಲ. ಯಾವುದೋ ಡೈರಿಯಲ್ಲಿ ಹಸುಗಳಿಗೆ ಔಷಧ ಕೊಡುತ್ತಾರೆಂದು ಎಲ್ಲರೂ ತಿಳಿದಿದ್ದರು. ನಿಜ ಹೇಳಿದ್ದು ನನಗೊಬ್ಬನಿಗೆ. ಇಲ್ಲಿಯ ಲೈಸೆನ್ಸು ಕೈಗೆ ಬರುವವರೆಗೆ ಅವರಿಗೆ ಸಿಕ್ಕ ಕೆಲಸ ಕಸಾಯಿಖಾನೆಯಲ್ಲಿ. ಗಾಳಿಯ ಒತ್ತಡದ ಬಂದೂಕಿನಿಂದ ಉಕ್ಕಿನ ಕಡ್ಡಿಯೊಂದು ದನದ ಹಣೆಗೆ ಬಡಿದು ಹಿಂದೆ ಸರಿಯುತ್ತದೆ. ಕತ್ತಿ ತಾಗುವ ಮೊದಲು ಪ್ರಜ್ಞೆ ಪೂರ್ತಿ ತಪ್ಪಿದೆಯೇ ಎಂದು ಇವರು ನೋಡಬೇಕು.

“ಅದಕ್ಕೇನೂ ಗೊತ್ತಾಗಲ್ಲ ಅಂತ ನಿಮಗೆ ಹೇಗೆ ಗೊತ್ತು?” ಎಂದು ಕೆಣಕಿದ್ದೆ.

“ಕಣ್ಣಗುಡ್ಡಿ ಮುಟ್ಟಿ ನೋಡತೀನ್ರಿ. ರೆಪ್ಪಿ ಬಡದ್ರ ಇನ್ನೊಂದ್ ಏಟು. ಬಡೀಲಿಲ್ಲಂದ್ರ ಅದು ಆಗಲೇ ಇಲ್ಲಿಲ್ಲ.”

ಬೆರಳ ತುದಿಯಲ್ಲಿ ಖಚಿತ ಉತ್ತರ! ನನ್ನ ಪಿಎಚ್‌.ಡಿ.ಗೆ ಅಂಥದೊಂದು ದಕ್ಕಿರಲಿಲ್ಲ. ಸಾಲದೆಂಬಂತೆ ನನ್ನ ಹೆಂಡತಿ ಅವರಿಂದ ಜೋಳದ ರೊಟ್ಟಿ ಬಡಿಯಲು ಕಲಿತಳು. ನನ್ನ ಜೋಕಿಗೆ ಮುಗುಳ್ನಗದವಳು, ಅವರ ಮಾತಿಗೆ ಹಂಚಿನ ಮೇಲಿನ ರೊಟ್ಟಿ ಸೀಯುವಷ್ಟು ನಗುತ್ತಿದ್ದಳು.

ಲಾಸ್ ಆಲ್ಟೋಸ್‌ನಲ್ಲಿ ಮೈಸೂರಿನ ಗೆಳೆಯನೊಬ್ಬ ಮನೆ ಕೊಂಡ. ಅವನ ತಾಯಿಗೆ ಗೃಹಪ್ರವೇಶಕ್ಕೆ ಹಸು ಬೇಕೇ ಬೇಕು. ಬಾಡಿಗೆಗೆ ತಂದ ಹಸು ಟ್ರೇಲರಿನಿಂದ ಇಳಿದದ್ದು ಡ್ರೈವ್‌ವೇಯಲ್ಲೇ ನಿಂತುಬಿಟ್ಟಿತು. ನಾಲ್ಕು ಜನ ಎಂಜಿನಿಯರುಗಳು ಹಿಂದಿನಿಂದ ದೂಡಿದರು.

“ಗ್ರೀನ್ ಕಾರ್ಡ್ ಇಲ್ದೆ ಒಳಗೆ ಬರಲ್ವಂತೆ ಕಣ್ರೋ!” ಎಂದ ಒಬ್ಬ.

“ದೂಡಬ್ಯಾಡ್ರಿ. ಆ ನೀರಿನ ಪೈಪ್ ತಗೀರಿ, ಹಾವು ಅನ್ಕೊಂಡದ. ಅಕ್ಕಾರ, ಆರತಿ ತಟ್ಟಿ ಸ್ವಲ್ಪ ಆ ಕಡೆ ಹಿಡೀರಿ, ಕಣ್ಣಿಗೆ ಹೊಳೀತದ,” ಎಂದರು ಡಾಕ್ಟರು. ಆಮೇಲೆ ಅದರ ಭುಜದ ಪಕ್ಕ ಸುಮ್ಮನೆ ನಿಂತರು. ಹಸು ತಾನಾಗಿ ನಡೆದು ಹೊಸ್ತಿಲು ದಾಟಿತು. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ.

ಗೆಳೆಯನ ತಾಯಿ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. “ಗೋಸೇವೆ ಮಾಡಿದ ಕೈ ಕಣಪ್ಪ ಇದು!”

“ಅಮ್ಮ, ಆ ಕೈ ಕೆಲಸ ಮಾಡೋದು ಕಸಾಯಿಖಾನೇಲಿ. ಹಸು ಹೆದರದ ಹಾಗೆ ನಡೆಸೋದನ್ನ ಕಲಿತಿದ್ದೂ ಅಲ್ಲೇ,” ಎಂದೆ. ನಗುತ್ತಲೇ ಅಂದೆನೆಂದು ನೆನಪು...

ಆ ತಾಯಿ ಕೈ ಬಿಡಲಿಲ್ಲ, ಬಿಡಿಸಿಕೊಂಡವರು ಡಾಕ್ಟರೇ. “ಖರೇ ಅದರಿ ಅಮ್ಮಾ. ಅದಕ್ಕ ತ್ರಾಸ ಆಗಬಾರದು ಅಂತ ನೋಡೂದ ನನ್ನ ಕೆಲಸ.” ನನ್ನ ಕಡೆ ನೋಡಲಿಲ್ಲ. ಪೂಜೆ ಮುಗಿದ ಮೇಲೆ ಹಸುವನ್ನು ತಾವೇ ಟ್ರೇಲರಿಗೆ ಹತ್ತಿಸಿದರು. ಎಲೆ ಹಾಕಿದಾಗ ಅವರಿರಲಿಲ್ಲ.

ಆಮೇಲೆ ಬರಬೇಡಿರೆಂದು ಅವರಿಗೆ ಯಾರೂ ಹೇಳಲಿಲ್ಲ. ಭಾನುವಾರ ಎಲ್ಲಿ ಸೇರುತ್ತೇವೆಂದು ಫೋನ್ ಮಾಡುವುದನ್ನು ಮಾತ್ರ ಎಲ್ಲರೂ ಮರೆತರು, ಅಷ್ಟೇ. ಕೆಲವು ತಿಂಗಳಲ್ಲಿ ಡಾಕ್ಟರು ಬೇರೆ ರಾಜ್ಯಕ್ಕೆ ಹೋದರು. ನಾನು ಕೆಳಗಿಳಿದು ಬಾಗಿಲು ತಟ್ಟಬಹುದಿತ್ತು. ಒಮ್ಮೆ ತಟ್ಟಿದ್ದೆನೆಂದು ಬಹಳ ವರ್ಷ ನಂಬಿದ್ದೆ. ಈಗ ಆ ನಂಬಿಕೆಯೂ ಉಳಿದಿಲ್ಲ.

ನಿನ್ನೆ ಹೆಂಡತಿಯನ್ನು ಕೇಳಿದೆ, ಆ ದಿನ ನಾನು ಆಡಿದ ಮಾತು ನೆನಪಿದೆಯೇ ಎಂದು.

“ಡಾಕ್ಟ್ರು ಹಸು ಕರ್ಕೊಂಡು ಬಂದಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ,” ಎಂದಳು. ಆಮೇಲೆ, “ನೀವೂ ಬಂದಿದ್ರಾ ಅವತ್ತು?”

ಬಂದಿದ್ದೆ, ಆಡಿದ್ದೆ ಎಂದು ಖಂಡಿತ ನೆನಪಿಟ್ಟುಕೊಂಡಿದ್ದವರು ಡಾಕ್ಟರೊಬ್ಬರೇ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.