ಇಪ್ಪತ್ತೇಳು ಕಾಯಿಗಳ ಧೂಳು

ಬೆಳಗಿನ ಐದೂವರೆ. ಸಿಬಾಯಕ್ ಬೆಟ್ಟದ ಗಂಧಕದ ವಾಸನೆ ಜಂಬೂರಿನ ಕಂಬಗಳ ನಡುವೆ ಸುಳಿಯುತ್ತಿದೆ. ಊರಿನ ಮದುವೆ, ಸಾವು, ಚದುರಂಗ ಮೂರನ್ನೂ ಒಂದೇ ಮುಖಭಾವದಲ್ಲಿ ಕಂಡಿರುವ ಗೋಡೆಯಿಲ್ಲದ ಚಾವಡಿಯೇ ಈ ಜಂಬೂರು. ರೆಹುಲಿನಾ ತಾರಿಗಾನ್ ಮೂರು ಮೀಟರ್ ಬಿದಿರುಕೋಲಿನ ಕೊಕ್ಕೆಗೆ ಬಟ್ಟೆ ಸುತ್ತುತ್ತಾರೆ. ನೆಟ್ಟಗೆ ನಿಲ್ಲಿಸಿದ ಬಾಗಿಲಗಲದ ಚದುರಂಗದ ಹಲಗೆಗೆ ಮರದ ಕಾಯಿಗಳನ್ನು ಒಂದೊಂದಾಗಿ ತೂಗುಹಾಕುತ್ತಾರೆ.

ವರ್ಷವಿಡೀ ಸಂತೆಯಲ್ಲಿ ಕ್ಯಾರೆಟ್ ಮಾರುವ ಇವರು ಪಂದ್ಯಾವಳಿಯ ಒಂಬತ್ತು ದಿನ ದಿನಕ್ಕೆ ಆರು ಗಂಟೆ ಇಲ್ಲಿ ನಿಲ್ಲುತ್ತಾರೆ. ಆಡಿದ ನಡೆ ಬರೆದ ತೀರ್ಪುಗಾರರ ಚೀಟಿ ಬಂದೊಡನೆ ಇನ್ನೂರು ಜನರಿಗೆ ಕಾಣುವಂತೆ ಕಾಯಿ ಸರಿಸಬೇಕು. ಇಪ್ಪತ್ತೊಂಬತ್ತು ವರ್ಷವಾಯಿತು. ಕೂತು ಒಂದು ಆಟವನ್ನೂ ಆಡಿಲ್ಲ. "ಆಡೋರು ಕೂತು ಆಡ್ತಾರೆ, ಕತ್ತು ನೋಯೋದು ಮಾತ್ರ ನಂದು," ಎನ್ನುತ್ತಾರೆ. ಒಮ್ಮೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಪೂರ್ತಿ ಆಟ ನೋಡಬೇಕೆಂಬ ಆಸೆಯಿದೆಯಂತೆ. ಬಾಯಲ್ಲಿ ಸದಾ ವೀಳ್ಯ. ಹಲಗೆಯ ಬಳಿ ನಿಂತವರ ಮುಖ ಏನನ್ನೂ ಹೇಳಬಾರದು.

ಒಂಬತ್ತು ವರ್ಷದ ಹಿಂದಿನ ಫೈನಲ್‌ನಲ್ಲಿ ಮುಖ ಸುಮ್ಮನಿತ್ತು, ಕೈ ಹೇಳಹೊರಟಿತು. ಮಿನಿಬಸ್ ಚಾಲಕ ತೆರ್ಕೆಲಿನ್ ಸೆಂಬಿರಿಂಗ್ ತಮ್ಮ ಮೆಚ್ಚಿನ ಆರಂಭ ಹೂಡಿದ್ದರು: ಎರಡನೇ ನಡೆಗೇ ರಾಜನ ಪಕ್ಕದ ಪದಾತಿಯನ್ನು ಎದುರಾಳಿಯ ಬಾಯಿಗಿಡುವುದು. ಹದಿಮೂರನೇ ನಡೆ ಹೊಳೆಯದೆ ಅವರು ತಲೆಯೆತ್ತಿದರೆ, ಚೀಟಿ ಬರುವ ಮೊದಲೇ ರೆಹುಲಿನಾರ ಕೋಲು ಎದ್ದಿದೆ. ಇಳಿಸಿದರೂ ಸುಳಿವು, ಮುಂದೆ ಹೋದರೂ ಸುಳಿವು. ರೆಹುಲಿನಾ ಕೋಲನ್ನು ಹಲಗೆಯ ಮೂಲೆಗೆ ಸರಿಸಿ, ಹಲಗೆಯ ಮೇಲಿದ್ದ ಇಪ್ಪತ್ತೇಳೂ ಕಾಯಿಗಳ ಧೂಳನ್ನು ಒಂದೊಂದಾಗಿ, ಒಂದೇ ನಿಧಾನದಲ್ಲಿ ಒರೆಸಿದರು. ತೆರ್ಕೆಲಿನ್ ಆ ಆಟ ಸೋತರು. ಕೋಲು ಯಾವ ಕಾಯಿಗೆ ಹೊರಟಿತ್ತೆಂದು ರೆಹುಲಿನಾ ಈವರೆಗೆ ಯಾರಿಗೂ ಹೇಳಿಲ್ಲ. "ಇನ್ನೊಂದ್ಸಲ ಕೈ ಎದ್ರೆ ಕೋಲು ಮುಟ್ಟಲ್ಲ," ಎಂದಷ್ಟೇ ಹೇಳುತ್ತಾರೆ.

ಇಂದು ಮತ್ತೆ ಫೈನಲ್, ಮತ್ತೆ ತೆರ್ಕೆಲಿನ್, ಮತ್ತೆ ಅದೇ ಆರಂಭ. ಎದುರಿಗಿರುವ ಮೇದಾನ್ ನಗರದ ವಿದ್ಯಾರ್ಥಿ ಪುಸ್ತಕದಲ್ಲಿದ್ದಂತೆ ಆಡುತ್ತಾನೆ. ಹನ್ನೆರಡು ನಡೆ ಮುಗಿಯುವಷ್ಟರಲ್ಲಿ ಹಲಗೆಯ ಮೇಲೆ ಒಂಬತ್ತು ವರ್ಷದ ಹಿಂದಿನ ಚಿತ್ರವೇ ಇದೆ. ಜಂಬೂರು ಕೆಮ್ಮುವುದನ್ನೂ ಬಿಟ್ಟಿದೆ.

"ನಂದೆ, ಧೂಳಿದೆ ನೋಡಿ," ಎಂದು ಹಿಂದಿನಿಂದ ಯಾರೋ ಕೆಣಕುತ್ತಾರೆ. ನಂದೆ ಎಂದರೆ ತಾಯಿ; ಊರಿಗೆಲ್ಲ ನಂದೆಯಾದ ರೆಹುಲಿನಾ ತಿರುಗುವುದಿಲ್ಲ. ಕೋಲನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ ಹಿಡಿದಿದ್ದಾರೆ. ತೆರ್ಕೆಲಿನ್ ಯೋಚಿಸುವ ನಲವತ್ತು ನಿಮಿಷವೂ ಅದು ಅಲುಗುವುದಿಲ್ಲ.

ಚೀಟಿ ಬರುತ್ತದೆ. ಬಿಡಿಸಿ ಓದುತ್ತಾರೆ. ವೀಳ್ಯ ಅಗಿಯುವುದು ಒಂದು ಕ್ಷಣ ನಿಲ್ಲುತ್ತದೆ. ಕೋಲು ನೆಟ್ಟಗೆ ಮೇಲೇರಿ ಬಿಳಿಯ ಒಂಟೆಯನ್ನು ಎತ್ತಿ, ಎದುರಾಳಿಯ ರಾಜನ ಮಗ್ಗುಲಲ್ಲಿ ಬಲಿಗಿಡುತ್ತದೆ. ಮುಂದಿನ ಎಂಟು ನಡೆಗಳಲ್ಲಿ ಆಟ ಮುಗಿದು, ಜನ ತೆರ್ಕೆಲಿನ್‌ರನ್ನು ಹೊತ್ತು ಕುಣಿಯುತ್ತಾರೆ.

ಅವರು ಹೆಗಲುಗಳಿಂದ ಇಳಿದು ನೇರ ಹಲಗೆಯ ಬಳಿಗೆ ಬರುತ್ತಾರೆ.

"ನಂದೆ, ಅವತ್ತು ಇದೇ ಕಾಯಿ ತಾನೆ?"

ರೆಹುಲಿನಾ ಕೊಕ್ಕೆಯ ಬಟ್ಟೆ ಬಿಚ್ಚಿ ಕೊಡವುತ್ತಾರೆ.

"ಅವತ್ತು ನಾನು ಧೂಳು ಒರೆಸ್ತಿದ್ದೆ."